ಲೈನಿನಲ್ಲಿ ಕೂತವರನ್ನು ಕೇಳಿ: ಗಾರ್ಮೆಂಟ್ಸ್ ಕಾರ್ಖಾನೆಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಸಿದ್ಧ ಉಡುಪು ಕಾರ್ಖಾನೆಗಳ ಮಾಲೀಕರು, ವ್ಯವಸ್ಥಾಪಕ ನಿರ್ದೇಶಕರು ಮತ್ತು ಎಚ್‌ಆರ್ ಮುಖ್ಯಸ್ಥರು

ಮಾನ್ಯರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಎಲ್ಲೇ ನೋಡಿ, ಬೆಳಿಗ್ಗೆ ನಿಮ್ಮ ಗೇಟಿನೊಳಗೆ ಹೋಗುವವರಲ್ಲಿ ಬಹುಪಾಲು ಹೆಂಗಸರು. ಒಳಗೆ ಅವರು ಕೂರುವ ಹೊಲಿಗೆ ಮೆಷಿನ್ನುಗಳ ಸಾಲಿನ, ಅಂದರೆ ಲೈನಿನ, ತುದಿಯಲ್ಲಿ ನಿಲ್ಲುವ ಸೂಪರ್‌ವೈಸರ್, ಅವರ ಮೇಲಿನ ಫ್ಲೋರ್ ಇನ್‌ಚಾರ್ಜ್, ಅವರಿಗೂ ಮೇಲಿನ ಪ್ರೊಡಕ್ಷನ್ ಮ್ಯಾನೇಜರ್, ಇವರಲ್ಲಿ ಬಹುಪಾಲು ಗಂಡಸರು. ಲಿಂಗ ಸಮಾನತೆಗೆ ಕೆಲಸಗಾರರನ್ನೇ ತೊಡಗಿಸಿಕೊಳ್ಳುತ್ತೇವೆ ಎಂದು ನಿಮ್ಮಲ್ಲಿ ಅನೇಕರು ಬಯರ್‌ಗಳಿಗೆ, ಅಂದರೆ ನಿಮ್ಮಿಂದ ಬಟ್ಟೆ ಕೊಳ್ಳುವ ಕಂಪನಿಗಳಿಗೆ, ಬರೆದುಕೊಟ್ಟಿದ್ದೀರಿ. ಮಾರ್ಚ್ 8ರಂದು ರಂಗೋಲಿ ಸ್ಪರ್ಧೆ, ಕೇಕು, ಗುಲಾಬಿ, ಗುಂಪು ಫೋಟೊ ಎಲ್ಲವೂ ಆಗುತ್ತದೆ. 9ರ ಬೆಳಿಗ್ಗೆ ಗಂಟೆಗೆ ಇಷ್ಟು ಪೀಸು ಎಂಬ ಅದೇ ಟಾರ್ಗೆಟ್ ಬೋರ್ಡು, ಅದೇ ಬೈಗುಳ. ಈ ಹೆಂಗಸರನ್ನು ವರ್ಷಕ್ಕೊಮ್ಮೆ ಸಮಾರಂಭಕ್ಕೆ ಕರೆಯುತ್ತೀರಿ. ಸಮಿತಿಗೆ, ಬಡ್ತಿಗೆ, ಟಾರ್ಗೆಟ್ಟಿನ ಲೆಕ್ಕಕ್ಕೆ ಮಾತ್ರ ಕರೆಯುವುದಿಲ್ಲ. ನಮ್ಮ ದೂರು ಇದೇ.

ಅವರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಮ್ಯಾನೇಜ್‌ಮೆಂಟ್ ಸಭೆಗಳಲ್ಲಿ ಕೇಳಿಬರುತ್ತದೆ. 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದವರು ಇದೇ ಟೈಲರ್‌ಗಳು, ಹೆಲ್ಪರ್‌ಗಳು. ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಒಂದು ಅಧಿಸೂಚನೆ ತಮ್ಮ ಬದುಕಿಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಬಲ್ಲವರಿಗೆ ತಮ್ಮ ಲೈನಿನಲ್ಲಿ ಏನು ಬದಲಾಗಬೇಕು ಎಂದು ಹೇಳಲು ಬಾರದೇ?

ಮೊದಲು ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ವಿಚಾರ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿ ಘಟಕಕ್ಕೂ ತನ್ನದೇ ಸಮಿತಿ ಇರಬೇಕು. ಹೆಡ್ ಆಫೀಸಿನ ಒಂದೇ ಸಮಿತಿ ಐದು ಯೂನಿಟ್‌ಗಳಿಗೆ ಸಾಲದು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಕೆಲಸಗಾರರ ಪೈಕಿ ಕನಿಷ್ಠ ಇಬ್ಬರು, ಹೊರಗಿನಿಂದ ಒಬ್ಬರು ಸದಸ್ಯರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು. ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಅಧ್ಯಕ್ಷೆ ಯಾರೆಂದು ನೋಡಿದರೆ ಎಚ್‌ಆರ್ ಮ್ಯಾನೇಜರ್. ಸದಸ್ಯೆಯರು ಯಾರೆಂದು ನೋಡಿದರೆ ಎಚ್‌ಆರ್ ಕರೆದು ಸಹಿ ಹಾಕಿಸಿಕೊಂಡ ಇಬ್ಬರು ಟೈಲರ್‌ಗಳು. ತಾವು ಸದಸ್ಯೆಯರು ಎಂಬುದೇ ಅವರಿಗೆ ಆಡಿಟ್ ದಿನ ಗೊತ್ತಾಗುವುದೂ ಉಂಟು. ಸಭೆಯ ನಡಾವಳಿ ಮೊದಲೇ ಟೈಪಾಗಿರುತ್ತದೆ. ವಾರ್ಷಿಕ ವರದಿಯಲ್ಲಿ ದೂರುಗಳ ಸಂಖ್ಯೆ ಸೊನ್ನೆ, ಮರುವರ್ಷವೂ ಸೊನ್ನೆ. ಎಂಟುನೂರು ಜನರ ಯೂನಿಟ್‌ನಲ್ಲಿ ವರ್ಷಗಟ್ಟಲೆ ಒಂದೂ ದೂರಿಲ್ಲ ಎಂದರೆ ಅಲ್ಲಿ ಕಿರುಕುಳವಿಲ್ಲ ಎಂದು ನೀವು ಓದಿಕೊಳ್ಳುತ್ತೀರಿ. ಆ ಸಮಿತಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ ಎಂದು ನಾವು ಓದಿಕೊಳ್ಳುತ್ತೇವೆ.

ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಕಾಯ್ದೆ ನಿಮಗೇ ಕೊಟ್ಟಿದೆ, ನಿಜ. ಆದರೆ ನೇಮಿಸುವ ಮೊದಲು ಕೆಲಸಗಾರರನ್ನು ಕೇಳಬಾರದು ಎಂದು ಅದು ಎಲ್ಲೂ ಹೇಳಿಲ್ಲ. ಪ್ರತಿ ಫ್ಲೋರಿನಲ್ಲಿ ಗುಪ್ತ ಮತದಾನ ಮಾಡಿಸಿ. ಹೆಸರು ಸೂಚಿಸಲು ಒಂದು ವಾರ ಕೊಡಿ. ಓದಲು ಬಾರದವರಿಗಾಗಿ ಚೀಟಿಯಲ್ಲಿ ಫೋಟೊ ಹಾಕಿ. ಎಣಿಕೆಯನ್ನು ಹೊರಗಿನ ಸದಸ್ಯೆಯ ಮುಂದೆ ಮಾಡಿ, ಗೆದ್ದವರನ್ನು ಲಿಖಿತ ಆದೇಶದಲ್ಲಿ ನೇಮಿಸಿ. ಕಟಿಂಗ್, ಫಿನಿಷಿಂಗ್, ಹೌಸ್‌ಕೀಪಿಂಗ್ ವಿಭಾಗಗಳನ್ನು ಮರೆಯಬೇಡಿ. ಕಾಂಟ್ರಾಕ್ಟ್ ಮೇಲೆ ಬರುವ ಹೌಸ್‌ಕೀಪಿಂಗ್ ಹೆಂಗಸರಿಗೂ ಈ ಕಾಯ್ದೆಯ ರಕ್ಷಣೆಯಿದೆ, ಆದರೆ ಅದು ಅವರ ಕಿವಿಗೇ ಬಿದ್ದಿರುವುದಿಲ್ಲ. ಅಧ್ಯಕ್ಷೆಯಾಗುವಷ್ಟು ಹಿರಿಯ ಮಹಿಳೆ ಆ ಯೂನಿಟ್‌ನಲ್ಲಿ ಇಲ್ಲದಿದ್ದರೆ ನಿಮ್ಮ ಇನ್ನೊಂದು ಯೂನಿಟ್‌ನಿಂದ ತರಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಎಚ್‌ಆರ್‌ನವರನ್ನೇ ಕೂರಿಸಬೇಕಿಲ್ಲ.

ಸಮಿತಿಯವರ ಹೆಸರು, ಫೋಟೊ, ಫೋನ್ ನಂಬರ್ ಇರುವ ಬೋರ್ಡು ಈಗ ಎಚ್‌ಆರ್ ಕ್ಯಾಬಿನ್ ಪಕ್ಕದ ಗೋಡೆಯ ಮೇಲಿದೆ. ಅದರ ಮುಂದೆ ಎರಡು ನಿಮಿಷ ನಿಂತರೆ ಇಡೀ ಫ್ಲೋರಿಗೆ ಸುದ್ದಿಯಾಗುತ್ತದೆ. ಅದೇ ಬೋರ್ಡನ್ನು ಹೆಂಗಸರ ಶೌಚಾಲಯದ ಬಾಗಿಲಿನ ಒಳಮೈಗೆ ಹಾಕಿ. ಕನ್ನಡ, ಇಂಗ್ಲಿಷ್ ಮಾತ್ರ ಸಾಲದು. ಹಾಸ್ಟೆಲ್‌ಗಳಲ್ಲಿ ಉಳಿದು ಕೆಲಸ ಮಾಡುವ ಒಡಿಶಾ, ಜಾರ್ಖಂಡ್ ಹುಡುಗಿಯರಿಗೆ ಒಡಿಯಾ ಮತ್ತು ಹಿಂದಿಯಲ್ಲಿ ಬೇಕು, ಗಡಿ ಭಾಗದ ಯೂನಿಟ್‌ಗಳಲ್ಲಿ ತೆಲುಗು, ತಮಿಳು ಬೇಕು. ಈ ಹುಡುಗಿಯರ ಪರವಾಗಿ ಸಮಿತಿಯಲ್ಲಿ ಅವರ ಭಾಷೆ ಬಲ್ಲ ಒಬ್ಬರಾದರೂ ಇರಬೇಕು. ಹಾಸ್ಟೆಲ್ ವಾರ್ಡನ್ ಮೂಲಕ ದೂರು ಕೊಡಿ ಎನ್ನುವುದು ಪರಿಹಾರವಲ್ಲ. ಎಷ್ಟೋ ಸಲ ದೂರೇ ವಾರ್ಡನ್ ಮೇಲಿರುತ್ತದೆ.

ದೂರು ಬಂದಾಗ ಎಲ್ಲಿ ಎಡವುತ್ತೀರಿ ಎಂಬುದನ್ನೂ ಬಿಡಿಸಿ ಹೇಳುತ್ತೇವೆ. ಬಾಯಿಮಾತಿನ ದೂರು ಎಚ್‌ಆರ್ ಕಿವಿಗೆ ಬೀಳುತ್ತದೆ. ಇಬ್ಬರನ್ನೂ ಕ್ಯಾಬಿನ್‌ಗೆ ಕರೆದು ಎದುರುಬದುರಾಗಿ ನಿಲ್ಲಿಸುತ್ತಾರೆ. ಅವನು ಸಾರಿ ಎನ್ನುತ್ತಾನೆ, ಅವಳನ್ನು ಬೇರೆ ಲೈನಿಗೆ ಹಾಕುತ್ತಾರೆ. ಕಾಲರ್ ಕೂರಿಸುತ್ತಿದ್ದ ಎ ಗ್ರೇಡ್ ಟೈಲರ್ ಈಗ ಗೊತ್ತಿಲ್ಲದ ಆಪರೇಷನ್, ಅಂದರೆ ಹೊಲಿಗೆಯ ಬೇರೊಂದು ಹಂತ, ಮಾಡಬೇಕು. ಅವಳ ಎಫಿಶಿಯೆನ್ಸಿ ಬೀಳುತ್ತದೆ, ಇನ್ಸೆಂಟಿವ್ ಹೋಗುತ್ತದೆ, ಎರಡು ತಿಂಗಳಲ್ಲಿ ಅವಳೇ ಕೆಲಸ ಬಿಡುತ್ತಾಳೆ. ಉಳಿದ ಅರವತ್ತು ಜನ ಕಲಿಯುವ ಪಾಠ ಒಂದೇ: ಬಾಯಿ ಬಿಟ್ಟರೆ ಹೋಗುವವಳು ನಾನು. ಕಾಯ್ದೆಯ ದಾರಿ ಹೀಗಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬಹುದು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವಳಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ಏಳು ಕೆಲಸದ ದಿನಗಳೊಳಗೆ ದೂರಿನ ಪ್ರತಿ ಆರೋಪಿಗೆ ಹೋಗಬೇಕು, ಅವನು ಹತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. 90 ದಿನಗಳಲ್ಲಿ ವಿಚಾರಣೆ, ಮುಗಿದ 10 ದಿನಗಳಲ್ಲಿ ವರದಿ, ವರದಿ ಕೈಸೇರಿದ 60 ದಿನಗಳಲ್ಲಿ ನಿಮ್ಮ ಕ್ರಮ. ರಾಜಿ ಅವಳು ಕೇಳಿದರೆ ಮಾತ್ರ, ಅದೂ ಹಣದ ಆಧಾರದ ಮೇಲೆ ಅಲ್ಲ. ವಿಚಾರಣೆ ನಡೆಯುವಾಗ ಅವಳು ಲಿಖಿತವಾಗಿ ಕೋರಿದರೆ ಅವನನ್ನೇ ಬೇರೆ ಕಡೆ ಹಾಕಬಹುದು, ಅವಳಿಗೆ ಮೂರು ತಿಂಗಳವರೆಗೆ ರಜೆಯನ್ನೂ ಕೊಡಬಹುದು. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ ಎಂದೂ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಈ ಕೊನೆಯ ಮಾತನ್ನು ನಿಮ್ಮ ಫ್ಲೋರಿನಲ್ಲಿ ಯಾರೂ ಹೇಳಿರುವುದಿಲ್ಲ. ಸುಳ್ಳು ದೂರಿಗೆ ಶಿಕ್ಷೆ ಎಂಬುದನ್ನು ಮಾತ್ರ ಚೆನ್ನಾಗಿ ಹೇಳಿರುತ್ತಾರೆ.

ಸಾಕ್ಷಿ ಹೇಳಲು ಬಂದ ಪಕ್ಕದ ಮೆಷಿನ್ನಿನವಳ ಹೊತ್ತಿನ ಬಗ್ಗೆಯೂ ಯೋಚಿಸಿ. ಒಂದೂವರೆ ಗಂಟೆ ಸಮಿತಿಯ ಮುಂದೆ ಕೂತರೆ ಅವಳ ಟಾರ್ಗೆಟ್ ಹಾಗೇ ಉಳಿದಿರುತ್ತದೆ, ಲೈನಿನ ಉಳಿದವರು ಅವಳ ಮೇಲೆ ಸಿಡುಕುತ್ತಾರೆ. ಆ ಹೊತ್ತಿನ ಪೀಸುಗಳನ್ನು ಟಾರ್ಗೆಟ್‌ನಿಂದ ಕಳೆಯಿರಿ. ಹಾಜರಾತಿ ಪುಸ್ತಕದಲ್ಲಿ ಅದು ಪೂರ್ಣ ಕೆಲಸದ ಹೊತ್ತಾಗಿರಲಿ, ಕಾರಣ ಬರೆಯುವುದು ಬೇಡ. ಗೌಪ್ಯತೆ ಒಡೆಯುವುದು ಹೆಚ್ಚಾಗಿ ಇಂಥ ಪುಸ್ತಕಗಳಿಂದಲೇ.

ಇನ್ನು ಎಲ್ಲ ಅವಮಾನವೂ ಈ ಕಾಯ್ದೆಯೊಳಗೆ ಬರುವುದಿಲ್ಲ. ಫ್ಲೋರಿನಲ್ಲಿ ದಿನವೂ ಬೀಳುವ ಬೈಗುಳ, ಪೀಸನ್ನು ಮುಖಕ್ಕೆ ಎಸೆಯುವುದು, ಶೌಚಕ್ಕೆ ಹೋಗಿ ಬಂದವಳನ್ನು ನಿಮಿಷದ ಲೆಕ್ಕ ಕೇಳುವುದು, ಇವುಗಳಲ್ಲಿ ಬಹಳಷ್ಟು ‘ಲೈಂಗಿಕ ಕಿರುಕುಳ’ದ ವ್ಯಾಖ್ಯೆಗೆ ಸಿಗುವುದಿಲ್ಲ. ಆಂತರಿಕ ಸಮಿತಿ ಇದು ನಮ್ಮದಲ್ಲ ಎನ್ನುತ್ತದೆ, ಬೇರೆ ಬಾಗಿಲು ಎಲ್ಲಿದೆ ಎಂದು ಯಾರೂ ತೋರಿಸುವುದಿಲ್ಲ. ಆ ಬಾಗಿಲು ಕುಂದುಕೊರತೆ ಸಮಿತಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಈ ಸಮಿತಿ ಇರಬೇಕೆನ್ನುತ್ತದೆ, ಒಟ್ಟು ಕೆಲಸಗಾರರಲ್ಲಿ ಮಹಿಳೆಯರು ಎಷ್ಟು ಪಾಲೋ ಸಮಿತಿಯಲ್ಲೂ ಅದಕ್ಕಿಂತ ಕಡಿಮೆ ಇರಬಾರದೆನ್ನುತ್ತದೆ. ನೂರಕ್ಕೆ ಎಂಬತ್ತು ಹೆಂಗಸರಿರುವ ಯೂನಿಟ್‌ನ ಹತ್ತು ಜನರ ಸಮಿತಿಯಲ್ಲಿ ಎಂಟು ಹೆಂಗಸರು. ನಿಮ್ಮ ಸಮಿತಿಯಲ್ಲಿ ಎಷ್ಟು ಜನ ಇದ್ದಾರೆ, ಇವತ್ತೇ ಎಣಿಸಿ.

ಮಾತಿನ ವಿಚಾರ ಬಂದಿರುವುದರಿಂದ ಇನ್ನೊಂದು ಹೇಳಬೇಕು. ಮೆಷಿನ್ ರಿಪೇರಿಗೆ ಬರುವ ಇಪ್ಪತ್ತೆರಡರ ಮೆಕ್ಯಾನಿಕ್ ‘ಸರ್’. ಹದಿನೈದು ವರ್ಷ ಹೊಲಿದ ನಲವತ್ತರ ಟೈಲರ್ ‘ಏಯ್, ಬಾರೇ ಇಲ್ಲಿ’. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ, ಅದನ್ನು ಕೊಡುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಫ್ಲೋರಿನಲ್ಲಿ ಎಲ್ಲರಿಗೂ ಬಹುವಚನ ಎಂದು ಮಾಲೀಕರಾದ ನೀವೇ ಮೈಕ್‌ನಲ್ಲಿ ಹೇಳಿ, ನೀವೂ ಹಾಗೇ ಮಾತಾಡಿ. ಇಷ್ಟು ಮಾಡಿದ ಕಡೆ ಬೈಗುಳದ ಬಿಸಿ ಇಳಿಯುತ್ತದೆ. ‘ಬನ್ನಿ, ಹೋಗಿ’ ಎನ್ನುತ್ತಾ ಹೊಲಸು ಮಾತು ಆಡುವುದು ಕಷ್ಟ.

ಆದರೆ ಸೂಪರ್‌ವೈಸರ್‌ಗಳನ್ನು ಕೂರಿಸಿ ಸಂಸ್ಕಾರ ಹೇಳಿಕೊಟ್ಟರೆ ಸಾಕು ಎಂದು ನಾವು ನಂಬುವುದಿಲ್ಲ. ಬೈಗುಳ ಎಲ್ಲಿ ಹುಟ್ಟುತ್ತದೆ ನೋಡಿ. ಹೊಸ ಸ್ಟೈಲ್ ಲೋಡ್ ಆಗುತ್ತದೆ. ಕಟಿಂಗ್‌ನಿಂದ ಫೀಡಿಂಗ್, ಅಂದರೆ ಕತ್ತರಿಸಿದ ಬಟ್ಟೆ ಲೈನಿಗೆ ಬರುವುದು, ತಡ. ಒಂದು ಆಪರೇಷನ್ ಹತ್ತಿರ ಪೀಸು ರಾಶಿ ಬೀಳುತ್ತದೆ, ಮುಂದಿನವರು ಖಾಲಿ ಕೂರುತ್ತಾರೆ. ಗಂಟೆಯ ಪ್ರೊಡಕ್ಷನ್ ಬೋರ್ಡಿನಲ್ಲಿ ಕೆಂಪು ಅಂಕಿ. ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರ ಮುಂದೆ ಸೂಪರ್‌ವೈಸರ್‌ನನ್ನು ಬೈಯುತ್ತಾನೆ, ಅವನು ತಿರುಗಿ ಲೈನಿನ ಮೇಲೆ ಹಾರುತ್ತಾನೆ. ತಪ್ಪು ಆಗಿದ್ದು ಪ್ಲಾನಿಂಗ್‌ನಲ್ಲಿ, ಬೈಗುಳ ತಿಂದಿದ್ದು ಹೊಲಿಯುವವಳು. ಹಾಗಾಗಿ ಸಮಾನತೆಯ ಕೆಲಸವನ್ನು ಎಚ್‌ಆರ್ ಒಬ್ಬರ ತಲೆಗೆ ಕಟ್ಟಬೇಡಿ. ಟಾರ್ಗೆಟ್ ಲೆಕ್ಕ ಹಾಕುವ ಇಂಡಸ್ಟ್ರಿಯಲ್ ಎಂಜಿನಿಯರ್‌ಗಳನ್ನೂ ಕೂರಿಸಿ. ಹೊಸ ಸ್ಟೈಲಿಗೆ ಮೊದಲ ದಿನವೇ ಪೂರ್ತಿ ಟಾರ್ಗೆಟ್ ಹಾಕದೆ ದಿನದಿಂದ ದಿನಕ್ಕೆ ಏರಿಸಲಿ. ಗಂಟೆಯ ಬೋರ್ಡಿನಲ್ಲಿ ಪೀಸು ಕಡಿಮೆಯಾದರೆ ಕಾರಣದ ಕಾಲಂ ಇರಲಿ: ಫೀಡಿಂಗ್ ಇಲ್ಲ, ಮೆಷಿನ್ ಕೆಟ್ಟಿದೆ, ದಾರ ಬಂದಿಲ್ಲ. ಅದನ್ನು ಲೈನಿನ ಪ್ರತಿನಿಧಿಯೇ ತುಂಬಲಿ. ಪ್ರತಿ ಲೈನಿಗೆ ಎಲ್ಲ ಆಪರೇಷನ್ ಬಲ್ಲ ಒಬ್ಬ ಫ್ಲೋಟರ್ ಟೈಲರ್ ಇದ್ದರೆ ಶೌಚಾಲಯಕ್ಕೆ ಹೋಗುವುದು ಅನುಮತಿಯ ವಿಷಯವಾಗಿ ಉಳಿಯುವುದಿಲ್ಲ. ನೀರು ಕುಡಿದರೆ ಎದ್ದುಹೋಗಬೇಕಾಗುತ್ತದೆ ಎಂದು ಬೇಸಿಗೆಯಲ್ಲೂ ನೀರು ಕುಡಿಯದೆ ಕೂರುವ ಹೆಂಗಸರು ನಿಮ್ಮ ಲೈನುಗಳಲ್ಲಿದ್ದಾರೆ.

ಮುಟ್ಟಿನ ರಜೆಯನ್ನೂ ಇದೇ ಲೆಕ್ಕದಿಂದ ನೋಡಬೇಕು. ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ರಜೆ ಹಾಕಿದವಳ ಹಾಜರಾತಿ ಬೋನಸ್ ಕತ್ತರಿಸಿದರೆ ಯಾರೂ ಆ ರಜೆ ಮುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಲೈನಿನ ಟಾರ್ಗೆಟ್. 40 ಮೆಷಿನ್ನಿನ ಲೈನು, ಒಂದು ಪೀಸಿಗೆ 20 ನಿಮಿಷ, ಎಫಿಶಿಯೆನ್ಸಿ, ಅಂದರೆ ಆಗಬಹುದಾದ ಕೆಲಸದಲ್ಲಿ ನಿಜಕ್ಕೂ ಆಗುವ ಪಾಲು, ನೂರಕ್ಕೆ 60 ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ 576 ಪೀಸು, ಗಂಟೆಗೆ 72. ಇಬ್ಬರು ರಜೆಯಿದ್ದರೆ ಅದೇ ಲೆಕ್ಕದಲ್ಲಿ ಗಂಟೆಗೆ 68 ಆಗಬೇಕು. ಬೋರ್ಡಿನಲ್ಲಿ 72 ಹಾಗೇ ಉಳಿದರೆ ಆ ನಾಲ್ಕು ಪೀಸಿನ ಸಿಟ್ಟು ರಜೆ ಹಾಕಿದವಳ ಮೇಲೆ ತಿರುಗುತ್ತದೆ. ಹೆಂಗಸರೇ ಹೆಂಗಸರಿಗೆ ಶತ್ರುಗಳು ಎಂಬ ಹಳಸಲು ಮಾತನ್ನು ಆಗ ಮ್ಯಾನೇಜರ್ ಆಡುತ್ತಾನೆ. ಬೆಳಿಗ್ಗೆ ಹಾಜರಾದವರನ್ನು ಎಣಿಸಿ ಟಾರ್ಗೆಟ್ ಬರೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸೂಪರ್‌ವೈಸರ್‌ಗಳ ಇನ್ಸೆಂಟಿವ್ ಬಗ್ಗೆ ಎಚ್ಚರಿಕೆಯ ಮಾತೊಂದು. ದೂರು ಬಂದ ಲೈನಿನ ಸೂಪರ್‌ವೈಸರ್‌ಗೆ ಅಂಕ ಕಳೆಯುತ್ತೇವೆ ಎಂದು ಕೆಲವು ಕಂಪನಿಗಳು ಒಳ್ಳೆಯ ಉದ್ದೇಶದಿಂದಲೇ ಮಾಡುತ್ತವೆ. ಅದರಿಂದ ದೂರು ಕಡಿಮೆಯಾಗುತ್ತದೆ, ಕಿರುಕುಳ ಅಲ್ಲ. ದೂರನ್ನು ಅದುಮಲು ಅವನಿಗೆ ನೀವೇ ಕಾರಣ ಕೊಟ್ಟಂತಾಗುತ್ತದೆ. ಅದರ ಬದಲು ಅವನ ಲೈನಿನಲ್ಲಿ ಕೆಲಸ ಬಿಟ್ಟವರೆಷ್ಟು, ಗೈರುಹಾಜರಿ ಎಷ್ಟು ಎಂದು ನೋಡಿ ಇನ್ಸೆಂಟಿವ್‌ನ ಒಂದು ಪಾಲನ್ನು ಅದಕ್ಕೆ ಕಟ್ಟಿ. ದೂರು ಕೊಟ್ಟವಳ ಮೇಲೆ ಸೇಡು ತೀರಿಸಿಕೊಂಡರೆ ಮಾತ್ರ ಕಠಿಣವಾಗಿ ದಂಡಿಸಿ. ತರಬೇತಿಗೆ ಮುನ್ನೂರು ಜನರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಭಾಷಣ ಮಾಡಿಸಬೇಡಿ. ಹದಿನೈದರಿಂದ ಇಪ್ಪತ್ತು ಜನ, ಮುಕ್ಕಾಲು ಗಂಟೆ, ಡ್ಯೂಟಿಯ ಹೊತ್ತಿನಲ್ಲೇ, ಮೆಕ್ಯಾನಿಕ್, ಡ್ರೈವರ್, ಸೆಕ್ಯೂರಿಟಿಯವರನ್ನೂ ಸೇರಿಸಿ. ಮೆಷಿನ್ ತೋರಿಸುವ ನೆಪದಲ್ಲಿ ಭುಜದ ಮೇಲೆ ಕೈ ಇಟ್ಟ ಮೆಕ್ಯಾನಿಕ್‌ಗೆ ಪಕ್ಕದಲ್ಲಿದ್ದ ಗಂಡಸು ಆ ಕ್ಷಣ ಏನು ಹೇಳಬೇಕು, ಇಂಥ ಒಂದೊಂದು ಸಂದರ್ಭ ತೆಗೆದು ಅವರಿಂದಲೇ ಉತ್ತರ ಹೇಳಿಸಬೇಕು. ನೋಡಿಯೂ ಸುಮ್ಮನಿದ್ದವನು ಬಾಯಿ ತೆರೆದಾಗಲೇ ಬದಲಾವಣೆ ಬರುವುದು.

ಬಡ್ತಿ. ಇಲ್ಲಿ ತಡೆ ಎಲ್ಲಿದೆ ಎಂದು ಕೇಳಿದರೆ ಹೆಂಗಸರು ಮುಂದೆ ಬರುವುದಿಲ್ಲ ಎನ್ನುತ್ತೀರಿ. ಸೂಪರ್‌ವೈಸರ್ ಹುದ್ದೆ ಖಾಲಿಯಾದ ಸುದ್ದಿ ಬೋರ್ಡಿಗೇ ಬರುವುದಿಲ್ಲ, ಇನ್‌ಚಾರ್ಜ್ ತನಗೆ ಗೊತ್ತಿದ್ದವನನ್ನು ಕರೆತರುತ್ತಾನೆ. ಪ್ರೊಡಕ್ಷನ್ ಮೀಟಿಂಗ್ ಸಂಜೆ ಶಿಫ್ಟ್ ಮುಗಿದ ಮೇಲೆ ಶುರುವಾಗುತ್ತದೆ, ಮನೆಯಲ್ಲಿ ಮಕ್ಕಳಿರುವವಳು ಅದಕ್ಕೆ ಹೇಗೆ ಉಳಿದಾಳು? ವರದಿ ಇಂಗ್ಲಿಷಿನಲ್ಲಿ. ಹೇಗೋ ಸೂಪರ್‌ವೈಸರ್ ಆದವಳಿಗೆ ಮೊದಲ ತಿಂಗಳೇ ಯಾರೂ ಒಪ್ಪದ ಗಲಾಟೆಯ ಲೈನು ಕೊಟ್ಟು, ಬಿದ್ದಾಗ ನೋಡಿದಿರಾ ಎನ್ನುತ್ತಾರೆ. ಹುದ್ದೆಯನ್ನು ಬೋರ್ಡಿನಲ್ಲಿ ಹಾಕಿ. ಮೀಟಿಂಗನ್ನು ಶಿಫ್ಟ್ ಒಳಗೇ ಮುಗಿಸಿ. ವರದಿಯ ನಮೂನೆ ಕನ್ನಡದಲ್ಲಿರಲಿ. ಆಯ್ಕೆಯಾದವರಿಗೆ ಎಂಟು ವಾರ, ದಿನಕ್ಕೆರಡು ಗಂಟೆ, ಲೈನ್ ಬ್ಯಾಲೆನ್ಸಿಂಗ್ (ಎಲ್ಲೂ ಪೀಸು ರಾಶಿ ಬೀಳದಂತೆ ಕೆಲಸ ಹಂಚುವುದು) ಮತ್ತು ಪ್ರೊಡಕ್ಷನ್ ಲೆಕ್ಕ ಕಲಿಸಿ, ಮೊದಲ ಮೂರು ತಿಂಗಳು ಸ್ಟೈಲ್ ಬದಲಾಗದ ಲೈನು ಕೊಡಿ. ಕಟಿಂಗ್ ಮಾಸ್ಟರ್ ಮತ್ತು ಮೆಕ್ಯಾನಿಕ್ ಕೆಲಸ ಗಂಡಸರದ್ದೇ ಎಂದು ಯಾವ ಕಾನೂನೂ ಹೇಳಿಲ್ಲ. ಯಾವ ಹುದ್ದೆಯಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು, ಸರಾಸರಿ ಸಂಬಳ ಎಷ್ಟು ಎಂಬ ಪಟ್ಟಿಯನ್ನು ವರ್ಷಕ್ಕೆರಡು ಸಲ ಕೆಲಸಗಾರರ ಪ್ರತಿನಿಧಿಗಳ ಮುಂದಿಡಿ.

ಕ್ರೆಶ್ ಇದೆ ಎನ್ನುತ್ತೀರಿ. ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳೆಯರಿದ್ದರೆ ಶಿಶುಪಾಲನಾ ಕೊಠಡಿ ಬೇಕೆಂದು 1948ರಲ್ಲೇ ಹೇಳಿತು, 1976ರ ತಿದ್ದುಪಡಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಉದ್ಯೋಗಿಗಳಿರುವ ಕಡೆ ಕ್ರೆಶ್ ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದೆಂದಿತು. ಆ ನಾಲ್ಕು ಸಲವನ್ನು ಟಾರ್ಗೆಟ್‌ನಿಂದ ಕಳೆದ ಕಾರ್ಖಾನೆ ಅಪರೂಪ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದ್ದ ದಿನ ಆಯಾ ಆರಕ್ಕೇ ಹೊರಡುತ್ತಾಳೆ. ಐದು ಜನ ತಾಯಂದಿರ ಗುಂಪೊಂದು ವಾರಕ್ಕೊಮ್ಮೆ ಕ್ರೆಶ್ ನೋಡಿ, ಹಾಲು, ಮೊಟ್ಟೆ, ಹಾಸಿಗೆ, ಆಯಾಗಳ ಸಂಖ್ಯೆ ಬರೆದು ಸಹಿ ಹಾಕಲಿ. ನಿಮ್ಮಲ್ಲೇ ಕೆಲಸ ಮಾಡುವ ಅಪ್ಪಂದಿರ ಮಕ್ಕಳಿಗೂ ಅಲ್ಲಿ ಜಾಗವಿರಲಿ. ಮಗು ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಬರುವ ಗಂಡಸು ಹತ್ತು ಪೋಸ್ಟರ್‌ಗಳಿಗೆ ಸಮ.

ಇದಕ್ಕೆಲ್ಲ ಪ್ರೊಡಕ್ಷನ್ ಹಾಳಾಗುತ್ತದೆ ಎಂಬ ಉತ್ತರ ನಮಗೆ ಗೊತ್ತು. 800 ಜನರ ಯೂನಿಟ್, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 26 ದಿನ. ಮೂರು ತಿಂಗಳಿಗೆ 4,99,200 ಗಂಟೆಯ ದುಡಿಮೆ. ಪ್ರತಿಯೊಬ್ಬರಿಗೂ ಮೂರು ತಿಂಗಳಿಗೆ ಒಂದು ಗಂಟೆ ತರಬೇತಿ ಕೊಟ್ಟರೆ 800 ಗಂಟೆ. ಸಾವಿರ ಗಂಟೆಗೆ ಎರಡು ಗಂಟೆಯೂ ಆಗಲಿಲ್ಲ. ನುರಿತ ಟೈಲರ್ ಒಬ್ಬಳು ಬಿಟ್ಟುಹೋಗಿ, ಹೊಸಬಳು ಆ ಮೆಷಿನ್ನಿಗೆ ಒಗ್ಗುವವರೆಗೆ ಕಳೆಯುವ ಪೀಸುಗಳ ಲೆಕ್ಕ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.

ದೂರ ಹೋಗಬೇಕಿಲ್ಲ. ತಮಿಳುನಾಡಿನ ದಿಂಡಿಗಲ್‌ನಲ್ಲಿ 2021ರ ಜನವರಿಯಲ್ಲಿ ಗಾರ್ಮೆಂಟ್ಸ್ ಕಾರ್ಮಿಕ ಯುವತಿಯೊಬ್ಬಳ ಕೊಲೆಯಾಯಿತು, ಆರೋಪ ಅವಳ ಸೂಪರ್‌ವೈಸರ್ ಮೇಲೆ ಬಂತು. ನಂತರ 2022ರ ಏಪ್ರಿಲ್‌ನಲ್ಲಿ ಅಲ್ಲಿನ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ, ತಯಾರಕರು ಮತ್ತು ವಿದೇಶಿ ಬ್ರ್ಯಾಂಡ್ ಸೇರಿ ಒಪ್ಪಂದ ಮಾಡಿಕೊಂಡರು. ಕೆಲಸಗಾರರ ನಡುವಿನಿಂದಲೇ ಆರಿಸಿ ತರಬೇತಿ ಕೊಟ್ಟ ಮಹಿಳೆಯರು ಫ್ಲೋರಿನಲ್ಲಿ ಕಣ್ಣಿಟ್ಟು, ಕಂಡದ್ದನ್ನು ಸಂಘಕ್ಕೂ ಮ್ಯಾನೇಜ್‌ಮೆಂಟಿಗೂ ತಿಳಿಸುವ ವ್ಯವಸ್ಥೆ ಅದು. ಒಂದು ಜೀವ ಹೋದ ಮೇಲೆ ಅಲ್ಲಿ ಅದು ಬಂತು. ಇಲ್ಲಿ ಅದಕ್ಕೆ ಮೊದಲೇ ಬರಲಿ ಎಂದು ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳನ್ನು ಹೀಗೆ ತಿಳಿಯಿರಿ. ಮುಂದಿನ ಮೂರು ತಿಂಗಳೊಳಗೆ ಪ್ರತಿ ಯೂನಿಟ್‌ನಲ್ಲಿ ಎರಡೂ ಸಮಿತಿಗಳ ಕೆಲಸಗಾರ ಸದಸ್ಯರನ್ನು ಗುಪ್ತ ಮತದಿಂದ ಆರಿಸಿ, ಎರಡು ದಿನ ಪೂರ್ಣ ಸಂಬಳದ ತರಬೇತಿ ಕೊಡಿ. ಪ್ರತಿ ಲೈನಿನ ಒಬ್ಬ ಪ್ರತಿನಿಧಿಯನ್ನು ತಿಂಗಳಿಗೆರಡು ಗಂಟೆ ಡ್ಯೂಟಿಯ ಹೊತ್ತಿನಲ್ಲೇ ಸಭೆಗೆ ಬಿಡಿ. ಹಾಜರಾತಿ ನೋಡಿ ಟಾರ್ಗೆಟ್ ಬರೆಯುವ ಪದ್ಧತಿಯನ್ನು ಮೊದಲು ಎರಡು ಲೈನುಗಳಲ್ಲಿ ಪ್ರಯತ್ನಿಸಿ, ಆರು ವಾರದ ಅಂಕಿ ತೋರಿಸಿ. ಸಂಬಳ ಮತ್ತು ಬಡ್ತಿಯ ಪಟ್ಟಿಯನ್ನು ಬಿಚ್ಚಿಡಿ.

ಇದಕ್ಕೆ ಉತ್ತರ ಕೊಡುವುದಾದರೆ ನಮ್ಮ ವಿಳಾಸಕ್ಕೆ ಕಳಿಸುವುದು ಬೇಡ. ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆದು, ಟೈಮ್ ಆಫೀಸಿನ ಪಕ್ಕ ಪಂಚಿಂಗ್ ಮಾಡುವಾಗ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.

ಇತಿ,
ಗಾರ್ಮೆಂಟ್ಸ್ ಕಾರ್ಖಾನೆಗಳ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯರಾಗಿ ಕೂರುವ, ಕೆಲಸಗಾರರ ಜೊತೆ ಒಡನಾಡುವ ಕೆಲವರು